ಕುಟುಂಬಕ್ಕೆ ಆರೋಗ್ಯ ವಿಮೆ: ಕಂತು ಕಟ್ಟುವ ಮುನ್ನ ಹೋಲಿಸಿ ನೋಡಬೇಕಾದ ಸಂಗತಿಗಳು



ಕುಡಿಯುವ ನೀರಿನ ಕೊಳವೆಬಾವಿಗೆ ಮೋಟಾರು ಖರೀದಿಸಲು ಮೂರು ದರಪಟ್ಟಿಗಳು ಸಾಮಾನ್ಯ ಸಭೆಯ ಮುಂದೆ ಬಂದಾಗ, ಅನುಭವಿ ಸದಸ್ಯರು ಮೊದಲು ನೋಡುವುದು ದರವನ್ನಲ್ಲ. ಮೂವರೂ ಒಂದೇ ಅಶ್ವಶಕ್ತಿಯ ಮೋಟಾರಿಗೆ ದರ ನೀಡಿದ್ದಾರೆಯೇ, ಕೇಬಲ್ ಮತ್ತು ಪೈಪು ಸೇರಿದೆಯೇ, ಸುಟ್ಟುಹೋದರೆ ದುರಸ್ತಿ ಯಾರದು ಎಂಬುದನ್ನು ಕೇಳುತ್ತಾರೆ. ನಿರ್ದಿಷ್ಟತೆಗಳು ಒಂದೇ ಆಗಿರದಿದ್ದರೆ ಕಡಿಮೆ ದರಕ್ಕೆ ಅರ್ಥವಿಲ್ಲವೆಂಬುದು ನಮ್ಮೆಲ್ಲರಿಗೂ ತಿಳಿದ ವಿಷಯ. ಆದರೆ ಸ್ವಂತ ಕುಟುಂಬಕ್ಕೆ ಆರೋಗ್ಯ ವಿಮೆ ಮಾಡಿಸುವಾಗ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ: ವರ್ಷಕ್ಕೆ ಎಷ್ಟು ಕಟ್ಟಬೇಕು, ಎಷ್ಟು ಲಕ್ಷ ಸಿಗುತ್ತದೆ. ಈ ಎರಡು ಉತ್ತರಗಳಿಂದ ಯಾವ ಪಾಲಿಸಿ ಉತ್ತಮವೆಂದು ನಿರ್ಣಯಿಸಲು ಸಾಧ್ಯವಿಲ್ಲ. ಪಾಲಿಸಿಯು ಯಾವ ಸಂದರ್ಭದಲ್ಲಿ ಹಣ ಕೊಡುವುದಿಲ್ಲ ಎಂಬುದೇ ಹೋಲಿಕೆಯ ಮುಖ್ಯ ಅಂಶವಾಗಿದೆ.

ಹೊಸದುರ್ಗ ತಾಲ್ಲೂಕಿನ ಗ್ರಾಮವೊಂದರಲ್ಲಿ ನಡೆದ ಪ್ರಕರಣವನ್ನು ಇಲ್ಲಿ ಉಲ್ಲೇಖಿಸುವುದು ಅಗತ್ಯ. ಅಲ್ಲಿನ ರೈತರೊಬ್ಬರು ಪರಿಚಯಸ್ಥರ ಮಾತಿನ ಮೇಲೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯ ಪಾಲಿಸಿ ಮಾಡಿಸಿದರು. ಅರ್ಜಿಯನ್ನು ಭರ್ತಿ ಮಾಡಿದವರು ಏಜೆಂಟರು. ರೈತರು ಸಹಿ ಮಾತ್ರ ಹಾಕಿದರು. ಸಕ್ಕರೆ ಕಾಯಿಲೆ ಇದೆಯೇ ಎಂಬ ಕಲಮಿನ ಮುಂದೆ ‘ಇಲ್ಲ’ ಎಂದು ಬರೆಯಲಾಗಿತ್ತು. ಅವರು ಆರು ವರ್ಷಗಳಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಸಕ್ಕರೆ ಕಾಯಿಲೆಯ ಮಾತ್ರೆ ಪಡೆಯುತ್ತಿದ್ದರು. ಏಳು ತಿಂಗಳ ನಂತರ ಎದೆನೋವು ಬಂದು ಬೆಂಗಳೂರಿನ ಆಸ್ಪತ್ರೆಗೆ ದಾಖಲಾದಾಗ, ಎಷ್ಟು ವರ್ಷದಿಂದ ಸಕ್ಕರೆ ಇದೆ ಎಂದು ವೈದ್ಯರು ಕೇಳಿದ ಪ್ರಶ್ನೆಗೆ ಅವರು ಸತ್ಯವನ್ನೇ ಹೇಳಿದರು. ಅದು ದಾಖಲೆಯಲ್ಲಿ ನಮೂದಾಯಿತು. ವಿಮಾ ಕಂಪನಿಯು ಕೋರಿಕೆಯನ್ನು ತಿರಸ್ಕರಿಸಿತು. ಎರಡು ಲಕ್ಷ ನಲವತ್ತು ಸಾವಿರ ರೂಪಾಯಿಯ ಬಿಲ್ಲನ್ನು ಒಡವೆ ಅಡವಿಟ್ಟು ಕಟ್ಟಬೇಕಾಯಿತು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆಯದು. ಅವರು ಹಾಲು ಉತ್ಪಾದಕರ ಸಹಕಾರ ಸಂಘದ ಹಳೆಯ ಸದಸ್ಯರು. ಯಶಸ್ವಿನಿ ಯೋಜನೆಯ ನೋಂದಣಿ ಪ್ರಕಟಣೆ ಆ ವರ್ಷ ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿತ್ತು, ಅಂಟಿಸಿದ್ದು ನಾನೇ. ‘ಹೇಗೂ ಕಂಪನಿ ಪಾಲಿಸಿ ಇದೆಯಲ್ಲ’ ಎಂದು ಅವರು ಆ 500 ರೂಪಾಯಿಯನ್ನು ಕಟ್ಟಲಿಲ್ಲ. ಅರ್ಜಿಯಲ್ಲಿ ನಿಜ ಬರೆದಿದ್ದರೆ ಕಂತು ಸ್ವಲ್ಪ ಹೆಚ್ಚಾಗುತ್ತಿತ್ತು, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಚಿಕಿತ್ಸೆಗೆ ಕೆಲವು ವರ್ಷ ಕಾಯಬೇಕಾಗುತ್ತಿತ್ತು. ಆದರೆ ತಮಗೆ ಸದ್ಯ ರಕ್ಷಣೆ ಇಲ್ಲವೆಂಬುದಾದರೂ ಅವರಿಗೆ ತಿಳಿದಿರುತ್ತಿತ್ತು. ಬೇರೆ ದಾರಿ ಹುಡುಕುತ್ತಿದ್ದರು. ಇಲ್ಲದ ರಕ್ಷಣೆಯನ್ನು ಇದೆಯೆಂದು ನಂಬಿದ್ದೇ ಆ ಕುಟುಂಬಕ್ಕೆ ದುಬಾರಿಯಾಯಿತು.

ಮೊದಲು ಕೈಯಲ್ಲಿರುವುದನ್ನು ಲೆಕ್ಕಹಾಕುವುದು

ಖಾಸಗಿ ಪಾಲಿಸಿಗಳ ಹೋಲಿಕೆಗೆ ಮುನ್ನ, ಸರ್ಕಾರದ ಯೋಜನೆಗಳಿಂದ ಕುಟುಂಬಕ್ಕೆ ಈಗಾಗಲೇ ಏನು ದೊರೆಯುತ್ತದೆ ಎಂಬುದನ್ನು ತಿಳಿಯಬೇಕು. ಇಲ್ಲದಿದ್ದರೆ ಇರುವುದನ್ನೇ ಮತ್ತೆ ಹಣ ಕೊಟ್ಟು ಖರೀದಿಸಿದಂತಾಗುತ್ತದೆ, ಅಥವಾ ಇಲ್ಲದ್ದನ್ನು ಇದೆಯೆಂದು ಭಾವಿಸಿ ಸುಮ್ಮನಿದ್ದಂತಾಗುತ್ತದೆ.

ಆರೋಗ್ಯ ಕರ್ನಾಟಕ ಯೋಜನೆಯು 2018ರ ಮಾರ್ಚ್‌ನಲ್ಲಿ ಆರಂಭವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸಂಯೋಜನೆಗೊಂಡಿತು. ಇದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತಿದೆ. ಬಿಪಿಎಲ್ ಅಥವಾ ಅಂತ್ಯೋದಯ ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇಕಡ 30ರಷ್ಟು ಮಾತ್ರ ದೊರೆಯುತ್ತದೆ. ಅದೂ ವರ್ಷಕ್ಕೆ ಕುಟುಂಬವೊಂದಕ್ಕೆ 1.5 ಲಕ್ಷದ ಮಿತಿಯೊಳಗೆ. ಅಂದರೆ ಒಂದು ಶಸ್ತ್ರಚಿಕಿತ್ಸೆಯ ಪ್ಯಾಕೇಜ್ ದರ 1 ಲಕ್ಷ ರೂಪಾಯಿ ಇದ್ದರೆ ಎಪಿಎಲ್ ಕುಟುಂಬಕ್ಕೆ 30,000 ರೂಪಾಯಿ ದೊರೆತು, ಉಳಿದ 70,000 ರೂಪಾಯಿ ಕೈಯಿಂದ ಹೋಗುತ್ತದೆ. ‘ನಮ್ಮ ಬಳಿ ಆಯುಷ್ಮಾನ್ ಕಾರ್ಡ್ ಇದೆ, ಐದು ಲಕ್ಷ ಇದೆ’ ಎಂದು ಎಪಿಎಲ್ ಕುಟುಂಬಗಳವರೂ ಹೇಳುವುದನ್ನು ಸದಸ್ಯರು ಕೇಳಿರಬಹುದು. ಕಾರ್ಡ್ ಇರುವುದು ನಿಜ. ಐದು ಲಕ್ಷ ಇರುವುದಿಲ್ಲ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಅಂಶವು ಗ್ರಾಮಸಭೆಗಳಲ್ಲಿ ಚರ್ಚೆಗೇ ಬರುವುದಿಲ್ಲ. ಪಡಿತರ ಚೀಟಿಯು ಬಿಪಿಎಲ್‌ನಿಂದ ಎಪಿಎಲ್‌ಗೆ ಬದಲಾದಾಗ ಜನರು ಅಕ್ಕಿಯ ಬಗ್ಗೆ ವಿಚಾರಿಸುತ್ತಾರೆ. ಅಕ್ಕಿಯ ಜೊತೆಗೆ ಆ ಕುಟುಂಬದ ಆಸ್ಪತ್ರೆ ರಕ್ಷಣೆಯೂ 5 ಲಕ್ಷದಿಂದ ಶೇಕಡ 30ಕ್ಕೆ ಇಳಿಯುತ್ತದೆ. ತಮ್ಮ ವಾರ್ಡಿನಲ್ಲಿ ಹೀಗೆ ಚೀಟಿ ಬದಲಾದ ಕುಟುಂಬಗಳಿದ್ದರೆ, ಆರೋಗ್ಯ ವಿಮೆಯ ಅಗತ್ಯವು ಎಲ್ಲರಿಗಿಂತ ಮೊದಲು ಇರುವುದು ಅವರಿಗೆ.

ಈ ಯೋಜನೆಯಡಿ ನೇರವಾಗಿ ಯಾವುದೇ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾಗಲು ಅವಕಾಶವಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಲಭ್ಯವಿಲ್ಲದಿದ್ದರೆ ವೈದ್ಯರು ನೀಡುವ ಶಿಫಾರಸು ಪತ್ರದೊಂದಿಗೆ ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗೆ ಹೋಗಬೇಕು. ಯೋಜನೆಯಲ್ಲಿ ಪಟ್ಟಿ ಮಾಡಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಶಿಫಾರಸು ಪತ್ರದ ಅಗತ್ಯವಿಲ್ಲ. ಹೊಳಲ್ಕೆರೆಯಿಂದ ಶಿವಮೊಗ್ಗಕ್ಕೆ, ಹಿರಿಯೂರಿನಿಂದ ಬೆಂಗಳೂರಿಗೆ ನೇರವಾಗಿ ಹೋಗಿ ದಾಖಲಾದ ನಂತರ ‘ಕಾರ್ಡ್ ನಡೆಯುವುದಿಲ್ಲ ಎನ್ನುತ್ತಿದ್ದಾರೆ’ ಎಂದು ದೂರವಾಣಿ ಕರೆ ಬರುವುದು ಬಹುಪಾಲು ಈ ಕಾರಣಕ್ಕೆ. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ದಾಖಲಾಗುವ ಮುನ್ನವೇ ಅವರನ್ನು ಕಾಣಬೇಕು. ಮಾಹಿತಿಗೆ 14555 ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು.

ಎರಡನೆಯದು ಯಶಸ್ವಿನಿ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರ ಜೂನ್‌ನಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಆಗ ತಿಂಗಳಿಗೆ ತಲಾ 5 ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ವಂತಿಗೆ ಇತ್ತು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡು ನಿಂತುಹೋದ ಯೋಜನೆಯನ್ನು 2022-23ನೇ ಸಾಲಿನಲ್ಲಿ ಮರುಜಾರಿಗೊಳಿಸಲಾಯಿತು. ಮರುಜಾರಿಯಾದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರವರೆಗಿನ ಕುಟುಂಬಕ್ಕೆ ವಾರ್ಷಿಕ 500 ರೂಪಾಯಿ, ಅದಕ್ಕಿಂತ ಹೆಚ್ಚಿನ ಪ್ರತಿ ಸದಸ್ಯರಿಗೆ 100 ರೂಪಾಯಿ ವಂತಿಗೆ ನಿಗದಿಯಾಯಿತು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ವಾರ್ಷಿಕ ಮಿತಿ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಎಪಿಎಲ್ ಚೀಟಿಯ ಸಣ್ಣ ಹಿಡುವಳಿದಾರರಿಗೆ ಇದಕ್ಕಿಂತ ಅಗ್ಗದ ರಕ್ಷಣೆ ನನಗೆ ತಿಳಿದಂತೆ ಬೇರೊಂದಿಲ್ಲ. ಆದರೆ ಇದಕ್ಕೆ ಮೂರು ಮಿತಿಗಳಿವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಹಾಲು ಉತ್ಪಾದಕರ ಸಂಘದಂತಹ ಸಹಕಾರ ಸಂಘದ ಸದಸ್ಯತ್ವ ಮೊದಲೇ ಇರಬೇಕು. ನೋಂದಣಿಯು ವರ್ಷಕ್ಕೊಮ್ಮೆ ನಿಗದಿತ ಅವಧಿಯಲ್ಲಿ ಮಾತ್ರ ತೆರೆದಿರುತ್ತದೆ. ಕಾಯಿಲೆ ಬಂದ ಮೇಲೆ ಸೇರಲಾಗುವುದಿಲ್ಲ. ಚಿಕಿತ್ಸೆಯು ಯೋಜನೆಯ ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ. ನೋಂದಣಿ ಪ್ರಕಟಣೆ ಬಂದಾಗ ಅದನ್ನು ಸೂಚನಾ ಫಲಕಕ್ಕೆ ಅಂಟಿಸಿ ಕೈತೊಳೆದುಕೊಳ್ಳದೆ, ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯ ಧ್ವನಿವರ್ಧಕದಲ್ಲಿ ಕನಿಷ್ಠ ಒಂದು ವಾರ ಪ್ರಚಾರ ಮಾಡಿಸುವುದನ್ನು ಈಗ ನಮ್ಮ ಪಂಚಾಯಿತಿಯಲ್ಲಿ ರೂಢಿ ಮಾಡಿಕೊಂಡಿದ್ದೇವೆ. ಸದಸ್ಯರು ತಮ್ಮಲ್ಲಿಯೂ ಇದನ್ನು ಮಾಡಿಸಬಹುದು.

ಕುಟುಂಬದಲ್ಲಿ ಯಾರಾದರೂ ಕಾರ್ಖಾನೆ ಅಥವಾ ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದ ಕೆಲಸದಲ್ಲಿದ್ದರೆ ಇಎಸ್‌ಐ ಸೌಲಭ್ಯವಿದೆಯೇ ಎಂದು ವೇತನ ಚೀಟಿಯಲ್ಲಿ ನೋಡಬೇಕು. ಅವಲಂಬಿತ ತಂದೆ ತಾಯಿಗೂ ಅದರಲ್ಲಿ ಚಿಕಿತ್ಸೆ ದೊರೆಯುತ್ತದೆ.

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಮತ್ತು 436 ರೂಪಾಯಿ ಕಡಿತವಾಗುವ ಜೀವನ್ ಜ್ಯೋತಿ ಬಿಮಾ ಯೋಜನೆಗಳನ್ನು ಅನೇಕರು ಆರೋಗ್ಯ ವಿಮೆ ಎಂದೇ ತಿಳಿದಿದ್ದಾರೆ. ಮೊದಲನೆಯದು ಅಪಘಾತದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, ಎರಡನೆಯದು ಸಾವು ಸಂಭವಿಸಿದರೆ ಹಣ ನೀಡುತ್ತದೆ. ಆಸ್ಪತ್ರೆಯ ಬಿಲ್ಲಿಗೆ ಇವೆರಡರಿಂದಲೂ ಒಂದು ರೂಪಾಯಿಯೂ ಬರುವುದಿಲ್ಲ. ಹಾಗೆಯೇ ಸಾಲ ಪಡೆಯುವಾಗ ಜೊತೆಯಲ್ಲಿ ಕೊಡುವ ಗುಂಪು ವಿಮೆಯು ಸಾಮಾನ್ಯವಾಗಿ ಸಾಲದ ಅವಧಿಯೊಂದಿಗೆ ಮುಗಿಯುತ್ತದೆ. ಅದನ್ನು ಕುಟುಂಬದ ಶಾಶ್ವತ ರಕ್ಷಣೆಯೆಂದು ಎಣಿಸಬಾರದು.

ಖಾಸಗಿ ಪಾಲಿಸಿಗಳನ್ನು ಹೋಲಿಸುವ ಬಗೆ

ಮೇಲಿನ ಲೆಕ್ಕದ ನಂತರವೂ ಖಾಸಗಿ ಅಥವಾ ಸಾರ್ವಜನಿಕ ವಲಯದ ವಿಮಾ ಕಂಪನಿಯ ಪಾಲಿಸಿ ಅಗತ್ಯವೆನಿಸಿದರೆ, ಹೋಲಿಕೆಗೆ ಒಂದು ಅಳತೆಗೋಲು ಸಿದ್ಧವಾಗಿಯೇ ಇದೆ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2020ರ ಏಪ್ರಿಲ್‌ನಿಂದ ‘ಆರೋಗ್ಯ ಸಂಜೀವನಿ’ ಎಂಬ ಮಾದರಿ ಪಾಲಿಸಿಯನ್ನು ಜಾರಿಗೆ ತಂದಿದೆ. ಯಾವ ಕಂಪನಿಯಿಂದ ಪಡೆದರೂ ಇದರ ಷರತ್ತುಗಳು ಒಂದೇ. ಕಂಪನಿಯಿಂದ ಕಂಪನಿಗೆ ಕಂತು ಮತ್ತು ಸೇವೆ ಮಾತ್ರ ಬೇರೆ. ಕಾಮಗಾರಿಗಳಿಗೆ ಅನುಸೂಚಿ ದರವಿದ್ದಂತೆ ಇದನ್ನು ಬಳಸಬಹುದು. ಇದರಲ್ಲಿ ಕೊಠಡಿ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇಕಡ 2ರಷ್ಟು, ಗರಿಷ್ಠ 5,000 ರೂಪಾಯಿ. ತೀವ್ರ ನಿಗಾ ಘಟಕಕ್ಕೆ ಶೇಕಡ 5ರಷ್ಟು, ಗರಿಷ್ಠ 10,000 ರೂಪಾಯಿ. ಪ್ರತಿ ಬಿಲ್ಲಿನಲ್ಲಿ ಶೇಕಡ 5ರಷ್ಟನ್ನು ಕುಟುಂಬವೇ ಭರಿಸಬೇಕು. ಆಸ್ಪತ್ರೆಗೆ ದಾಖಲಾಗುವ ಮುಂಚಿನ 30 ದಿನ ಮತ್ತು ಬಿಡುಗಡೆಯ ನಂತರದ 60 ದಿನಗಳ ಸಂಬಂಧಿತ ವೆಚ್ಚವೂ ಸೇರಿದೆ. ಏಜೆಂಟರು ಬೇರೆ ಪಾಲಿಸಿಯನ್ನು ತೋರಿಸಿದಾಗ ‘ಆರೋಗ್ಯ ಸಂಜೀವನಿಗಿಂತ ಇದು ಯಾವುದರಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ’ ಎಂದು ಕೇಳಬೇಕು. ಉತ್ತರ ಸ್ಪಷ್ಟವಾಗಿ ಬಾರದಿದ್ದರೆ ಅಂದು ಸಹಿ ಹಾಕಬಾರದು.

ಹೋಲಿಕೆಯಲ್ಲಿ ಮೊದಲು ನೋಡಬೇಕಾದ್ದು ಕಾಯುವ ಅವಧಿ. ಸಾಮಾನ್ಯವಾಗಿ ಪಾಲಿಸಿ ಆರಂಭವಾದ ಮೊದಲ 30 ದಿನಗಳಲ್ಲಿ ಅಪಘಾತದ ಹೊರತು ಬೇರಾವ ಚಿಕಿತ್ಸೆಗೂ ಹಣ ದೊರೆಯುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಮೂತ್ರಾಂಗದ ಕಲ್ಲು, ಗರ್ಭಕೋಶದ ಶಸ್ತ್ರಚಿಕಿತ್ಸೆ ಮೊದಲಾದವುಗಳಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ನಮ್ಮ ಹಳ್ಳಿಗಳಲ್ಲಿ ಜನರು ಖಾಸಗಿ ಆಸ್ಪತ್ರೆಗೆ ಹೋಗುವುದೇ ಹೆಚ್ಚಾಗಿ ಇಂತಹ ಶಸ್ತ್ರಚಿಕಿತ್ಸೆಗಳಿಗೆ ಎಂಬುದನ್ನು ಗಮನಿಸಬೇಕು. ಪಾಲಿಸಿ ಪಡೆಯುವ ಮೊದಲೇ ಇದ್ದ ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ಮುಂತಾದ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು ಎಂದು ಪ್ರಾಧಿಕಾರವು 2024ರಲ್ಲಿ ಮಿತಿಗೊಳಿಸಿದೆ. ಹಿಂದೆ ಇದು 48 ತಿಂಗಳಿತ್ತು. ಗರಿಷ್ಠವೆಂದರೆ ಎಲ್ಲ ಕಂಪನಿಗಳಲ್ಲೂ ಅಷ್ಟೇ ಎಂದಲ್ಲ; ಕೆಲವು ಪಾಲಿಸಿಗಳಲ್ಲಿ ಇದು ಕಡಿಮೆ ಇರುತ್ತದೆ. ಮನೆಯಲ್ಲಿ ಐವತ್ತು ದಾಟಿದವರಿದ್ದರೆ, ಕಂತಿನಲ್ಲಿ ಸಾವಿರ ರೂಪಾಯಿ ಉಳಿಸುವುದಕ್ಕಿಂತ ಕಾಯುವ ಅವಧಿಯಲ್ಲಿ ಒಂದು ವರ್ಷ ಉಳಿಸುವುದು ಲಾಭದಾಯಕ.

ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಡುವುದರ ಪರಿಣಾಮವನ್ನು ಮೇಲೆ ವಿವರಿಸಿದೆ. ಪಾಲಿಸಿಯು 60 ತಿಂಗಳು ನಿರಂತರವಾಗಿ ಮುಂದುವರಿದ ನಂತರ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಕಂಪನಿಯು ಕೋರಿಕೆಯನ್ನು ತಿರಸ್ಕರಿಸುವಂತಿಲ್ಲ ಎಂಬ ನಿಯಮವಿದೆ. ಕೆಲವು ಏಜೆಂಟರು ಇದನ್ನೇ ಹೇಳಿ ‘ಐದು ವರ್ಷ ಸುಮ್ಮನಿದ್ದರೆ ಆಯಿತು’ ಎನ್ನುವುದುಂಟು. ಐದು ವರ್ಷ ಕಾಯಿಲೆಯೂ ಸುಮ್ಮನಿರುತ್ತದೆಯೇ ಎಂದು ಅವರನ್ನು ಕೇಳಬೇಕಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯನ್ನು ಮುಂದಿಟ್ಟುಕೊಂಡು, ಪ್ರತಿಯೊಂದು ಕಲಮಿಗೂ ಉತ್ತರವನ್ನು ಓದಿಸಿ ಕೇಳಿದ ನಂತರವೇ ಸಹಿ ಹಾಕಬೇಕು. ಭರ್ತಿ ಮಾಡಿದ ಅರ್ಜಿಯ ಪ್ರತಿಯನ್ನು ಪಡೆದು ಇಟ್ಟುಕೊಳ್ಳಬೇಕು.

ಎರಡನೆಯದಾಗಿ ಕೊಠಡಿ ಬಾಡಿಗೆಯ ಮಿತಿ. ಇದು ಬಾಡಿಗೆಗೆ ಮಾತ್ರ ಅನ್ವಯಿಸುತ್ತದೆ ಎಂದು ಬಹುತೇಕರು ಭಾವಿಸಿದ್ದಾರೆ. ನಾನೂ ಹಾಗೆಯೇ ಭಾವಿಸಿದ್ದೆ. ಎಂಜಿನಿಯರಿಂಗ್ ಓದಿದ್ದರೂ ನನ್ನ ಸ್ವಂತ ಪಾಲಿಸಿಯ ಈ ಒಂದು ಷರತ್ತನ್ನು ಅರ್ಥ ಮಾಡಿಕೊಳ್ಳಲು ಒಂದು ಭಾನುವಾರವೇ ಬೇಕಾಯಿತು. ಆದುದರಿಂದ ಲೆಕ್ಕ ಸಮೇತ ವಿವರಿಸುತ್ತೇನೆ.

ಒಂದು ಕುಟುಂಬಕ್ಕೆ 3 ಲಕ್ಷ ರೂಪಾಯಿಯ ಪಾಲಿಸಿ ಇದೆ ಎಂದಿಟ್ಟುಕೊಳ್ಳೋಣ. ಕೊಠಡಿ ಬಾಡಿಗೆಯ ಮಿತಿ ವಿಮಾ ಮೊತ್ತದ ಶೇಕಡ 1, ಅಂದರೆ ದಿನಕ್ಕೆ 3,000 ರೂಪಾಯಿ. ಸಹ-ಪಾವತಿ, ಅಂದರೆ ಬಿಲ್ಲಿನಲ್ಲಿ ಕುಟುಂಬದ ಪಾಲು, ಶೇಕಡ 10. ರೋಗಿಯನ್ನು ದಿನಕ್ಕೆ 6,000 ರೂಪಾಯಿಯ ಕೊಠಡಿಯಲ್ಲಿ ಐದು ದಿನ ಇರಿಸಲಾಯಿತು. ಬಿಲ್ಲಿನಲ್ಲಿ ಕೊಠಡಿಗೆ 30,000, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆ ಇತ್ಯಾದಿಗೆ 1,00,000, ಔಷಧಿಗೆ 50,000, ಒಟ್ಟು 1,80,000 ರೂಪಾಯಿ. ಕೊಠಡಿಗೆ ಮಿತಿಯಂತೆ 15,000 ರೂಪಾಯಿ ಮಾತ್ರ ಸಂದಾಯವಾಗುತ್ತದೆ. ಆದರೆ ಮಿತಿಯ ಎರಡು ಪಟ್ಟು ಬಾಡಿಗೆಯ ಕೊಠಡಿಯಲ್ಲಿ ಇದ್ದುದರಿಂದ, ಅದೇ ಅನುಪಾತದಲ್ಲಿ ವೈದ್ಯರ ಶುಲ್ಕ ಮುಂತಾದ 1,00,000 ರೂಪಾಯಿಯನ್ನೂ 50,000ಕ್ಕೆ ಇಳಿಸಲಾಗುತ್ತದೆ. ಔಷಧಿಯ ವೆಚ್ಚಕ್ಕೆ ಈ ಅನುಪಾತದ ಕಡಿತ ಅನ್ವಯಿಸುವುದಿಲ್ಲ. ಹೀಗೆ ಅಂಗೀಕೃತ ಮೊತ್ತ 1,15,000. ಅದರಲ್ಲಿ ಶೇಕಡ 10 ಸಹ-ಪಾವತಿ ಕಳೆದು ಕಂಪನಿ ನೀಡುವುದು 1,03,500. ಕುಟುಂಬದ ಮೇಲೆ ಬೀಳುವುದು 76,500 ರೂಪಾಯಿ.

ಅದೇ ರೋಗಿ 3,000 ರೂಪಾಯಿಯ ಕೊಠಡಿಯಲ್ಲಿದ್ದು ಉಳಿದ ವೆಚ್ಚ ಅಷ್ಟೇ ಆಗಿದ್ದರೆ ಬಿಲ್ಲು 1,65,000 ಆಗಿ, ಕುಟುಂಬ ಭರಿಸಬೇಕಾದ್ದು 16,500 ರೂಪಾಯಿ ಮಾತ್ರ. ಕೊಠಡಿ ಬಾಡಿಗೆಯ ವ್ಯತ್ಯಾಸ 15,000. ಕೈಯಿಂದ ಹೋದ ಹಣದ ವ್ಯತ್ಯಾಸ 60,000. ಆದುದರಿಂದ ಕೊಠಡಿ ಮಿತಿ ಇಲ್ಲದ ಪಾಲಿಸಿಯ ಕಂತು ಸ್ವಲ್ಪ ಹೆಚ್ಚಿದ್ದರೂ ಅದನ್ನು ಪರಿಗಣಿಸಬೇಕು. ಮಿತಿ ಇರುವ ಪಾಲಿಸಿಯೇ ಇದ್ದರೆ, ದಾಖಲಾಗುವ ವೇಳೆ ಆಸ್ಪತ್ರೆಯ ವಿಮಾ ವಿಭಾಗದಲ್ಲಿ ‘ನಮ್ಮ ಮಿತಿಯೊಳಗಿನ ಕೊಠಡಿ ಕೊಡಿ’ ಎಂದು ಕೇಳಲು ರೋಗಿಯ ಜೊತೆ ಹೋಗುವವರಿಗೆ ಮೊದಲೇ ತಿಳಿಸಿರಬೇಕು.

ಮೂರನೆಯದು ಆಸ್ಪತ್ರೆ. ನಗದುರಹಿತ ಚಿಕಿತ್ಸೆಗೆ ಕಂಪನಿಯ ನೆಟ್‌ವರ್ಕ್ ಆಸ್ಪತ್ರೆ ಎಲ್ಲಿದೆ ಎಂಬುದು ಮುಖ್ಯ. ದೇಶದಲ್ಲಿ ಎಷ್ಟು ಸಾವಿರ ಆಸ್ಪತ್ರೆಗಳಿವೆ ಎಂಬ ಜಾಹೀರಾತಿನ ಸಂಖ್ಯೆಯಿಂದ ನಮಗೆ ಪ್ರಯೋಜನವಿಲ್ಲ. ನಮ್ಮ ಜನರು ಚಿಕಿತ್ಸೆಗೆ ಹೋಗುವ ದಾರಿಗಳು ಬೇರೆ ಬೇರೆ. ಹಿರಿಯೂರಿನವರು ಹೆದ್ದಾರಿ ಹಿಡಿದು ತುಮಕೂರು, ಬೆಂಗಳೂರಿಗೆ ಹೋಗುತ್ತಾರೆ. ಹೊಳಲ್ಕೆರೆಯವರು ದಾವಣಗೆರೆಗೆ ಅಥವಾ ಶಿವಮೊಗ್ಗಕ್ಕೆ. ಹೊಸದುರ್ಗದವರು ಚಿತ್ರದುರ್ಗಕ್ಕೆ ಬರುವುದೂ ಉಂಟು, ನೇರವಾಗಿ ಬೆಂಗಳೂರು ಸೇರುವುದೂ ಉಂಟು. ಮಧ್ಯರಾತ್ರಿ ತುರ್ತು ಬಂದರೆ ಮೊದಲು ತಲುಪುವ ಆಸ್ಪತ್ರೆ ಯಾವುದು, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವ ಆಸ್ಪತ್ರೆ ಯಾವುದು ಎಂದು ಎರಡು ಹೆಸರು ಬರೆದುಕೊಂಡು, ಆ ಎರಡೂ ಕಂಪನಿಯ ಪಟ್ಟಿಯಲ್ಲಿ ಇಂದಿಗೂ ಇವೆಯೇ ಎಂದು ಆಸ್ಪತ್ರೆಗೇ ಕರೆ ಮಾಡಿ ಕೇಳುವುದು ಸೂಕ್ತ. ಕಂಪನಿಯ ಪಟ್ಟಿಯಲ್ಲಿರುವ ಹೆಸರನ್ನು ಆಸ್ಪತ್ರೆಯವರೇ ನಿರಾಕರಿಸುವ ಸಂದರ್ಭಗಳಿವೆ.

ಇದಕ್ಕೆ ಹೊಂದಿಕೊಂಡಿರುವ ಇನ್ನೊಂದು ಷರತ್ತು ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಕೆಲವು ಪಾಲಿಸಿಗಳಲ್ಲಿ ವಾಸಸ್ಥಳದ ವಲಯಕ್ಕೆ ಅನುಗುಣವಾಗಿ ಕಂತು ನಿಗದಿಯಾಗುತ್ತದೆ. ಚಿತ್ರದುರ್ಗದ ವಿಳಾಸ ನೀಡಿದರೆ ಕಂತು ಕಡಿಮೆ. ಆದರೆ ಬೆಂಗಳೂರಿನಂತಹ ಮಹಾನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಭಾಗವನ್ನು ಹೆಚ್ಚುವರಿ ಸಹ-ಪಾವತಿಯಾಗಿ ನಾವೇ ಕಟ್ಟಬೇಕು. ಹೃದಯ, ಮೆದುಳು, ಕ್ಯಾನ್ಸರ್ ಚಿಕಿತ್ಸೆಗೆ ನಮ್ಮವರಲ್ಲಿ ಅನೇಕರು ಕೊನೆಗೆ ಹೋಗುವುದು ಬೆಂಗಳೂರಿಗೇ. ಆದುದರಿಂದ ‘ಬೆಂಗಳೂರಿನಲ್ಲಿ ದಾಖಲಾದರೆ ಕಡಿತ ಎಷ್ಟು’ ಎಂಬ ಪ್ರಶ್ನೆಯನ್ನು ಲಿಖಿತವಾಗಿ ಕೇಳಿ ಲಿಖಿತ ಉತ್ತರ ಪಡೆಯಬೇಕು.

ವಿಮಾ ಮೊತ್ತವನ್ನು ಇಡೀ ಕುಟುಂಬ ಹಂಚಿಕೊಳ್ಳುವ ಫ್ಲೋಟರ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಅತಿ ಹಿರಿಯ ಸದಸ್ಯರ ವಯಸ್ಸಿನ ಮೇಲೆ ಕಂತು ನಿರ್ಧಾರವಾಗುತ್ತದೆ. ಗಂಡ, ಹೆಂಡತಿ, ಮಕ್ಕಳ ಪಾಲಿಸಿಗೆ ಎಪ್ಪತ್ತರ ತಂದೆಯವರನ್ನು ಸೇರಿಸಿದರೆ ಎಲ್ಲರ ಕಂತೂ ಏರುತ್ತದೆ; ಅವರೊಬ್ಬರ ಚಿಕಿತ್ಸೆಗೇ ಇಡೀ ಮೊತ್ತ ಖರ್ಚಾಗಿ, ಅದೇ ವರ್ಷ ಮಗುವಿಗೆ ಡೆಂಗಿ ಬಂದರೆ ಏನೂ ಉಳಿದಿರುವುದಿಲ್ಲ. ಹಿರಿಯರಿಗೆ ಪ್ರತ್ಯೇಕ ಪಾಲಿಸಿ ಮಾಡುವುದು ಮೇಲು. ಅರವತ್ತು ಮೀರಿದವರ ಕಂತನ್ನು ಪ್ರಾಧಿಕಾರದೊಂದಿಗೆ ಸಮಾಲೋಚಿಸದೆ ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚಿಸುವಂತಿಲ್ಲವೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇಕಡ 18ರ ಜಿಎಸ್‌ಟಿಯನ್ನು ತೆಗೆದುಹಾಕಲಾಗಿದೆ. ಕಂತಿನ ರಸೀದಿಯಲ್ಲಿ ಈಗಲೂ ತೆರಿಗೆ ಸೇರಿಸಿದ್ದರೆ ಪ್ರಶ್ನಿಸಬೇಕು.

ಹೊರರೋಗಿ ಚಿಕಿತ್ಸೆ, ದಿನನಿತ್ಯದ ಮಾತ್ರೆ, ಸಾಮಾನ್ಯ ರಕ್ತಪರೀಕ್ಷೆಗಳಿಗೆ ಹೆಚ್ಚಿನ ಪಾಲಿಸಿಗಳಲ್ಲಿ ಹಣವಿಲ್ಲ. ಕನಿಷ್ಠ 24 ಗಂಟೆ ಒಳರೋಗಿಯಾಗಿರಬೇಕು. ಡಯಾಲಿಸಿಸ್, ಕಣ್ಣಿನ ಪೊರೆಯಂತಹ ಒಂದೇ ದಿನದ ಚಿಕಿತ್ಸೆಗಳಿಗೆ ಇದರಿಂದ ವಿನಾಯಿತಿಯಿದೆ. ಹೆರಿಗೆ ವೆಚ್ಚ ಅನೇಕ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಪಾಲಿಸಿ ಕೈಸೇರಿದ ಮೇಲೆ

ಪಾಲಿಸಿಯೊಂದಿಗೆ ‘ಗ್ರಾಹಕ ಮಾಹಿತಿ ಪತ್ರ’ವನ್ನು ಕೊಡುವುದು ಕಂಪನಿಗೆ ಕಡ್ಡಾಯ. ವಿಮಾ ಮೊತ್ತ, ಕಾಯುವ ಅವಧಿ, ಮಿತಿಗಳು, ಸಹ-ಪಾವತಿ, ದೂರು ಸಲ್ಲಿಸುವ ವಿಧಾನ ಎಲ್ಲವೂ ಕೆಲವೇ ಪುಟಗಳಲ್ಲಿರುತ್ತವೆ. ಪಾಲಿಸಿದಾರರು ಅಪೇಕ್ಷಿಸಿದರೆ ಇದನ್ನು ಸ್ಥಳೀಯ ಭಾಷೆಯಲ್ಲಿ ನೀಡಬೇಕೆಂಬ ನಿಯಮವಿದೆ. ಕನ್ನಡ ಪ್ರತಿಯನ್ನು ಕೇಳಿ ಪಡೆಯುವುದು ಸದಸ್ಯರ ಹಕ್ಕು. ಅದನ್ನು ಓದಿದಾಗ ಏಜೆಂಟರು ಹೇಳಿದ್ದಕ್ಕೂ ಬರೆದಿರುವುದಕ್ಕೂ ಹೊಂದಿಕೆಯಾಗದಿದ್ದರೆ, ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದು. ಅಲ್ಪ ಕಡಿತದ ನಂತರ ಹಣ ಮರಳುತ್ತದೆ.

ನಿಗದಿತ ಶಸ್ತ್ರಚಿಕಿತ್ಸೆಯಾದರೆ ದಾಖಲಾಗುವ ಮುಂಚೆಯೂ, ತುರ್ತಾಗಿದ್ದರೆ ದಾಖಲಾದ 24 ಗಂಟೆಯೊಳಗೂ ಕಂಪನಿಗೆ ಮಾಹಿತಿ ನೀಡಬೇಕು. ನಗದುರಹಿತ ಕೋರಿಕೆಯ ಬಗ್ಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಅನುಮತಿಯನ್ನು ಮೂರು ಗಂಟೆಯೊಳಗೆ ತೀರ್ಮಾನಿಸಬೇಕೆಂದು ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆ ತಿಳಿಸುತ್ತದೆ. ಬಿಡುಗಡೆಗಾಗಿ ಸಂಜೆಯವರೆಗೆ ಕಾಯಿಸಿ ಇನ್ನೊಂದು ದಿನದ ಬಾಡಿಗೆ ಹಾಕಿದರೆ, ಮೂರು ಗಂಟೆ ಮೀರಿದ ವಿಳಂಬದ ಹೆಚ್ಚುವರಿ ವೆಚ್ಚವನ್ನು ಕಂಪನಿಯೇ ಭರಿಸಬೇಕು.

ಕೋರಿಕೆ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಪಡೆಯಬೇಕು. ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕೋರಿಕೆಯನ್ನೂ ತಿರಸ್ಕರಿಸುವಂತಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ನೀಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿಯೂ, 155255 ದೂರವಾಣಿಯಲ್ಲಿಯೂ ದೂರು ದಾಖಲಿಸಬಹುದು. ದೂರಿನೊಂದಿಗೆ ಪಾಲಿಸಿಯ ಪ್ರತಿ, ಅರ್ಜಿಯ ಪ್ರತಿ, ಆಸ್ಪತ್ರೆಯ ಬಿಡುಗಡೆ ಸಾರಾಂಶ, ಬಿಲ್ಲುಗಳು ಮತ್ತು ತಿರಸ್ಕಾರ ಪತ್ರ ಇರಬೇಕು. ಹೊಸದುರ್ಗದ ಆ ರೈತರಲ್ಲಿ ಬಿಲ್ಲುಗಳಿದ್ದವು, ಪಾಲಿಸಿ ಇತ್ತು. ತಾವು ಸಹಿ ಹಾಕಿದ ಅರ್ಜಿಯ ಪ್ರತಿ ಮಾತ್ರ ಇರಲಿಲ್ಲ.